ಜರ್ಮನಿಯವನ ಸರ್ಟಿಫಿಕೇಟ್ ಯಾರಿಗೆ ಬೇಕು?

ಪಶ್ಚಿಮದ ತತ್ವಜ್ಞಾನಿಗಳೆಲ್ಲ ನಮ್ಮ ಶಾಸ್ತ್ರಗಳಿಗೆ ತಲೆಬಾಗಿದ್ದಾರೆ ಅನ್ನೋ ಫಾರ್ವರ್ಡ್ ಈ ವಾರ ಮತ್ತೆ ಮೂರು ಗ್ರೂಪಲ್ಲಿ ಬಂತು. ಷೋಪೆನ್‌ಹಾವರ್ ಫೋಟೊ, ನೀಷೆ ಫೋಟೊ, ಕೆಳಗೆ ಕೈಮುಗಿಯೋ ಎಮೋಜಿ. ನಮ್ಮ ಹುಡುಗರೂ ಕೆಲವರು ಶೇರ್ ಮಾಡಿದ್ದಾರೆ. ಅದಕ್ಕೇ ಬರೀತಿದ್ದೀನಿ.

ಷೋಪೆನ್‌ಹಾವರ್ ಉಪನಿಷತ್ತುಗಳನ್ನ ಮೆಚ್ಚಿದ್ದು ನಿಜ. ಆದರೆ ಅವನ ಕೈಗೆ ಅವು ಹೇಗೆ ಸಿಕ್ಕವು? ಷಾಜಹಾನನ ಮಗ ದಾರಾ ಶಿಕೋಹ್ 1657ರಲ್ಲಿ ಕಾಶಿ ಪಂಡಿತರನ್ನು ಕೂರಿಸಿಕೊಂಡು ಪಾರ್ಸಿಗೆ ಮಾಡಿಸಿದ. ಅದನ್ನ ಫ್ರೆಂಚಿನವನೊಬ್ಬ ಲ್ಯಾಟಿನ್‌ಗೆ ತಂದ. ಬಾದಶಹನ ಮಗನಿಗೆ ಬಾಯಿಬಿಟ್ಟು ಹೇಳಿಕೊಟ್ಟ ವಿದ್ಯೆ ಅದು, ಊರಿನ ಶೂದ್ರ ಮಾತ್ರ ಕೇಳೋ ಹಾಗಿಲ್ಲ! ಫಾರ್ವರ್ಡಿನಲ್ಲಿ ದಾರಾನ ಹೆಸರೂ ಇರಲ್ಲ ಬಿಡಿ.

ಇನ್ನು ನೀಷೆ. ಇವನ ಫೋಟೊ ಹಾಕೋರು ಇವನು ಮೆಚ್ಚಿದ್ದು ಏನನ್ನ ಅಂತ ಒಮ್ಮೆ ನೋಡಬೇಕು. ಮನುಸ್ಮೃತಿಯನ್ನ! 1888ರಲ್ಲಿ ಜಾಕೋಲಿಯೋ ಅನ್ನೋನ ಫ್ರೆಂಚ್ ಅನುವಾದ ಓದಿ, ಬೈಬಲ್‌ಗಿಂತ ಇದು ಮೇಲು ಅಂದ. ಜಾತಿಗಳ ಶ್ರೇಣಿಯೇ ಪ್ರಕೃತಿಯ ನಿಯಮ ಅಂದ. ಚಂಡಾಲರು ನದಿ, ಚಿಲುಮೆ, ಕೆರೆಯ ನೀರು ಮುಟ್ಟಬಾರದು, ಪ್ರಾಣಿಗಳ ಹೆಜ್ಜೆ ಗುಂಡಿಯಂಥ ಕಡೆಯ ನೀರೇ ಗತಿ ಅನ್ನೋ ಕಟ್ಟಳೆಯನ್ನೂ ಅವನೇ ಬರೆದಿದ್ದಾನೆ. ಅದು ಭಯಂಕರ ಅಂತ ಅವನಿಗೂ ಗೊತ್ತಿತ್ತು. ಆದರೂ ಆ ಲೋಕ ಅವನಿಗೆ ಹೆಚ್ಚು ಆರೋಗ್ಯವಾಗಿ ಕಂಡಿತು.

ಈಗ ಕೆಲವರು ಹೇಳ್ತಾರೆ, ಜಾಕೋಲಿಯೋ ಅನುವಾದ ಸರಿಯಿಲ್ಲ, ಆ ನೀರಿನ ಮಾತು ಮೂಲ ಮನುವಿನಲ್ಲಿಲ್ಲ ಅಂತ. ಸರಿ ಸ್ವಾಮಿ, ಒಪ್ಪೋಣ. ಮೂಲದ ಹತ್ತನೇ ಅಧ್ಯಾಯ ತೆಗೀರಿ. ಚಂಡಾಲನಿಗೆ ಊರಾಚೆ ವಾಸ, ಹೆಣದ ಮೇಲಿನ ಬಟ್ಟೆ, ಒಡೆದ ಪಾತ್ರೆ, ಆಸ್ತಿ ಅಂದ್ರೆ ನಾಯಿ ಮತ್ತು ಕತ್ತೆ. ನೀರಿನ ಕಟ್ಟಳೆ ಪುಸ್ತಕದಲ್ಲಿ ಇಲ್ಲದಿದ್ದರೂ ಮಹಾಡಿನ ಚವದಾರ್ ಕೆರೆಯಲ್ಲಿ ಇತ್ತಲ್ಲ? 1927ರ ಮಾರ್ಚ್ 20ರಂದು ಬಾಬಾಸಾಹೇಬರು ಅಲ್ಲಿ ನೀರು ಕುಡಿದದ್ದಕ್ಕೆ ನಮ್ಮವರು ಏಟು ತಿಂದರು. ಅದೇ ವರ್ಷ ಡಿಸೆಂಬರ್ 25ಕ್ಕೆ ಅದೇ ಊರಲ್ಲಿ ಮನುಸ್ಮೃತಿ ಸುಟ್ಟರು. ಜರ್ಮನಿಯವನು ಹೊಗಳಿದ ಪುಸ್ತಕಕ್ಕೆ ನಾವು ಕೊಟ್ಟ ವಿಮರ್ಶೆ ಅದು.

ನೀಷೆ, ಮನು ಇಬ್ಬರನ್ನೂ ಬಾಬಾಸಾಹೇಬರು ಪಕ್ಕಪಕ್ಕ ಇಟ್ಟು ತೂಗಿದ್ದಾರೆ. ನೀಷೆಯ ಮಹಾಮಾನವನಿಗೆ ಯೋಗ್ಯತೆಯಾದರೂ ಬೇಕು, ಮನುವಿನವನಿಗೆ ಹುಟ್ಟೊಂದೇ ಸಾಕು, ಹಾಗಾಗಿ ಮನುವೇ ಹೆಚ್ಚು ಕೀಳು ಅಂದರು. ಈ ಬರಹ ಅವರ ಬದುಕಿನಲ್ಲಿ ಅಚ್ಚಾಗಲಿಲ್ಲ, 1987ರ ಸಂಪುಟದಲ್ಲಿ ಬಂತು. ಕನ್ನಡದಲ್ಲಿ ನೀಷೆ ಬಗ್ಗೆ ಭಾಷಣ ಬಿಗಿಯೋ ಎಷ್ಟು ಮಂದಿ ಇದನ್ನ ಓದಿದ್ದಾರೆ?

ಪಶ್ಚಿಮವೇ ಬೇಡ ಅಂತ ನಾನು ಹೇಳ್ತಿಲ್ಲ. ಕೊಲಂಬಿಯಾದಲ್ಲಿ ಬಾಬಾಸಾಹೇಬರಿಗೆ ಜಾನ್ ಡ್ಯೂಯಿ ಪಾಠ ಹೇಳಿದರು. ಹಿಂದಿನವರು ಬಿಟ್ಟುಹೋದದ್ದರಲ್ಲಿ ಕೊಳೆತದ್ದನ್ನ ಮುಂದಿನವರಿಗೆ ದಾಟಿಸಬಾರದು ಅನ್ನೋ ಅವರ ಮಾತನ್ನ 1936ರ 'ಜಾತಿ ವಿನಾಶ'ದಲ್ಲಿ ತಂದು ಜಾತಿಯ ಮೇಲೇ ಪ್ರಯೋಗಿಸಿದರು. 1952ರ ಜೂನ್‌ನಲ್ಲಿ ಗೌರವ ಪದವಿಗೆ ನ್ಯೂಯಾರ್ಕಿಗೆ ಹೋಗುವಾಗ ಡ್ಯೂಯಿ ತೀರಿಕೊಂಡರು. ನನ್ನ ಬೌದ್ಧಿಕ ಬದುಕೆಲ್ಲ ಆ ಮೇಷ್ಟರ ಋಣ ಅಂತ ಮಡದಿಗೆ ಪತ್ರ ಬರೆದರು. ಹಾಗಂತ ಎಲ್ಲವನ್ನೂ ಅಲ್ಲಿಂದಲೇ ಸಾಲ ತರಲಿಲ್ಲ. ಸ್ವಾತಂತ್ರ್ಯ, ಸಮಾನತೆ, ಭ್ರಾತೃತ್ವವನ್ನ ಫ್ರೆಂಚ್ ಕ್ರಾಂತಿಯಿಂದಲ್ಲ, ನನ್ನ ಗುರು ಬುದ್ಧನಿಂದ ಪಡೆದೆ ಅಂತ 1954ರಲ್ಲಿ ಆಕಾಶವಾಣಿಯಲ್ಲೇ ಹೇಳಿದರು.

ಮುಂದಿನ ಸಲ ಆ ಫಾರ್ವರ್ಡ್ ಬಂದಾಗ ಡಿಲೀಟ್ ಮಾಡಬೇಡಿ. "ನೀಷೆ ಮೆಚ್ಚಿದ ಪುಸ್ತಕ ಯಾವುದು ಸಾರ್?" ಅಂತ ಗ್ರೂಪಲ್ಲೇ ಕೇಳಿ. ಉತ್ತರ ಬಂದರೆ ಸ್ಕ್ರೀನ್‌ಶಾಟ್ ಕಳಿಸಿ.

ಜೈ ಭೀಮ್.