ಮಳೆಯ ಸರಾಸರಿಯೂ ರಾಗಿಯ ಬೆಳೆಯೂ

ಚಿಂತಾಮಣಿ ತಾಲ್ಲೂಕಿನ ಕೆಂಚಾರ್ಲಹಳ್ಳಿಯ ಸೀಮೆಯಲ್ಲಿ ಜೀವನದಿಯಿಲ್ಲ. ಅಲ್ಲಿನ ರಾಗಿ, ನೆಲಗಡಲೆಗಳ ಗತಿಯು ಮುಗಿಲಿಗೆ ಅಧೀನವಾದುದು. ಇಂತಹ ಪ್ರಾಂತ್ಯದಲ್ಲಿ ವರ್ಷದ ಸರಾಸರಿಯೊಂದರಿಂದಲೇ ಮಳೆಯ ಗುಣದೋಷಗಳನ್ನು ನಿಶ್ಚಯಿಸುವ ವಾಡಿಕೆಯು ನಿಷ್ಪ್ರಯೋಜಕವಷ್ಟೇ ಅಲ್ಲ, ಹಾನಿಕರವೂ ಹೌದು.

700 ಮಿಲಿಮೀಟರ್ ಮಳೆಯು 50 ದಿನಗಳಲ್ಲಿ ಹದವಾಗಿ ಬಿದ್ದರೂ 20 ದಿನಗಳಲ್ಲಿ ಧುಮ್ಮಿಕ್ಕಿದರೂ ಮೊತ್ತವು ಒಂದೇ. ಮೊದಲನೆಯದರಿಂದ ಕಣಜ ತುಂಬುವುದು. ಎರಡನೆಯದರಿಂದ ಮೇಲ್ಮಣ್ಣು ಕೊಚ್ಚಿಹೋಗುವುದು. ಗಾಳಿಯ ಉಷ್ಣತೆಯು ಒಂದು ಡಿಗ್ರಿ ಸೆಲ್ಸಿಯಸ್ ಏರಿದಲ್ಲಿ ಅದು ಶೇಕಡಾ 7ರಷ್ಟು ಹೆಚ್ಚು ನೀರಾವಿಯನ್ನು ಧರಿಸಬಲ್ಲುದಾದ ಕಾರಣ, ಭೂಮಿಯು ಕಾಯುತ್ತಿರುವ ಈ ಕಾಲದಲ್ಲಿ ಬಿರುಮಳೆಗಳ ಭಯವು ಅಧಿಕವಾಗಿರುವುದು. 2021ರ ನವೆಂಬರಿನಲ್ಲಿ ಜಿಲ್ಲೆಯ ರಾಗಿಯು ಕೊಯ್ಲಿನ ವೇಳೆಗೆ ಮಳೆಗೆ ಸಿಕ್ಕಿ ನೆಲಕಚ್ಚಿತು. 2023ರಲ್ಲಿಯಾದರೋ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿಸಲ್ಪಟ್ಟವು. ಈ ಎರಡನ್ನೂ ಕೂಡಿಸಿ ಸರಾಸರಿ ತೆಗೆದರೆ ದೊರೆಯುವುದು ಯಾವ ರೈತನೂ ಕಂಡಿರದ ವರ್ಷ!

ಆದರೆ ಒಂದೆರಡು ವರ್ಷಗಳ ಕಷ್ಟದಿಂದ ಹವಾಗುಣವೇ ಬದಲಾಯಿತೆಂದು ಸಾರುವುದೂ ಯುಕ್ತವಲ್ಲ. 30 ವರ್ಷಗಳ ಪೈಕಿ ಪ್ರತಿಯೊಂದನ್ನೂ ಅದರ ಮುಂದಿನ ಎಲ್ಲಾ ವರ್ಷಗಳೊಡನೆ ಹೋಲಿಸಿದರೆ 435 ಜೋಡಿಗಳಾಗುವುವು. ಮಳೆ ಏರಿದ ಜೋಡಿಗಳೂ ಇಳಿದ ಜೋಡಿಗಳೂ ಹೆಚ್ಚುಕಡಿಮೆ ಸಮವಾಗಿದ್ದರೆ ಅದು ಸಹಜವಾದ ಏರಿಳಿತ; ಒಂದು ಪಕ್ಷವು ಬಹಳ ಮೇಲಾದಲ್ಲಿ ಮಾತ್ರ ಬದಲಾವಣೆಯ ಮಾತನ್ನಾಡಬಹುದು. ಮ್ಯಾನ್ ಎಂಬ ಗಣಿತಜ್ಞರು 1945ರಲ್ಲಿ ಪ್ರಕಟಿಸಿದ ಈ ಕ್ರಮಕ್ಕೆ ಎಣಿಕೆಯ ತಾಳ್ಮೆಯೇ ಮುಖ್ಯ ಬಂಡವಾಳ.

ಬಿತ್ತನೆಯ ಯೋಚನೆಗೆ ಇನ್ನೂ ಸುಲಭವಾದ ಲೆಕ್ಕವುಂಟು. 30 ವರ್ಷಗಳ ಮಳೆಯನ್ನು ಇಳಿಯುವ ಕ್ರಮದಲ್ಲಿ ಬರೆದರೆ, 23ನೆಯ ಅಂಕಿಯು ನಾಲ್ಕು ವರ್ಷಗಳಲ್ಲಿ ಮೂರು ವರ್ಷ ಸುಮಾರಾಗಿ ನಂಬತಕ್ಕ ಮಳೆ. ಇದನ್ನು ತೆನೆ ಹೊರಡುವ ಕಾಲದ ಉತ್ತರೆ, ಹಸ್ತ ಮಳೆಗಳಿಗೆ ಪ್ರತ್ಯೇಕವಾಗಿ ಮಾಡುವುದು ಮೇಲು. ಸೂರ್ಯನ ಗತಿಯನ್ನನುಸರಿಸಿ ಹಿರಿಯರು ಮಾಡಿದ 13-14 ದಿನಗಳ ಈ ನಕ್ಷತ್ರವಿಭಾಗಗಳು ಗಣಿತಕ್ಕೆ ಹೇಳಿಮಾಡಿಸಿದಂತಿವೆ. ಎಂ.ಆರ್. 6ರಂತಹ ದೀರ್ಘಾವಧಿಯ ತಳಿಯನ್ನು ಬಿತ್ತಬೇಕೆ, ಜಿ.ಪಿ.ಯು. 48ರಂತಹ ಅಲ್ಪಾವಧಿಯದನ್ನೇ ಎಂಬುದು ಇಂತಹ ಅಂಕಿಗಳಿಂದ ನಿರ್ಧಾರವಾಗತಕ್ಕ ವಿಷಯ.

ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯಿತಿಗಳಲ್ಲಿ ಮಳೆಮಾಪಕಗಳನ್ನು ಸ್ಥಾಪಿಸಿರುವರು. ಮಾಪಕದ ಸಮೀಪದಲ್ಲಿ ಮರ, ಗೋಡೆಗಳಿದ್ದರೆ ಅಂಕಿಯು ಕೆಡುವುದು. ಅವು ತಮ್ಮ ಎತ್ತರದ ಎರಡರಷ್ಟು ದೂರದಲ್ಲಾದರೂ ಇರಬೇಕು. ಗ್ರಾಮದ ಮುಖಂಡರು ಇದನ್ನು ಸ್ವತಃ ನೋಡಿ, ದಿನದಿನದ ಮಳೆ, ಬಿತ್ತನೆಯ ತಾರೀಖು, ಇಳುವರಿ ಇವುಗಳನ್ನು ಒಂದೇ ಪುಸ್ತಕದಲ್ಲಿ ಬರೆಯಿಸಿ, ಮುಂದಿನ ಮುಂಗಾರಿನಲ್ಲಿ ಬೀಜವನ್ನು ಕೊಳ್ಳುವುದಕ್ಕೆ ಮೊದಲೇ ಅದನ್ನು ಊರಿನವರ ಮುಂದೆ ಓದಿಸತಕ್ಕದ್ದು.