ಮಾಸ್ತರರು ಕಂಡುಕೊಂಡದ್ದಕ್ಕೆ ಕಾಲಂ ಎಲ್ಲಿದೆ?



ಸರ್ಕಾರಿ ಶಾಲೆಗೆ ಸ್ಮಾರ್ಟ್ ಕ್ಲಾಸ್ ಬಂದ ಸುದ್ದಿಯಲ್ಲಿ ಪ್ರೊಜೆಕ್ಟರ್ ಇರುತ್ತದೆ, ಖರ್ಚಾದ ಹಣ ಇರುತ್ತದೆ, ಉದ್ಘಾಟಿಸಿದವರ ಫೋಟೊ ಇದ್ದೇ ಇರುತ್ತದೆ. ಆ ಪರದೆ ಇಟ್ಟುಕೊಂಡು ವರ್ಷವಿಡೀ ಪಾಠ ಮಾಡಿದ ಮಾಸ್ತರರು ಏನು ಕಂಡುಕೊಂಡರು ಎಂಬುದು ಮಾತ್ರ ಸುದ್ದಿಯಲ್ಲೂ ಇಲ್ಲ, ಇಲಾಖೆ ಕೇಳುವ ನಮೂನೆಗಳಲ್ಲೂ ಇಲ್ಲ. ನನ್ನ ತಕರಾರು ಇರುವುದು ಇಲ್ಲೇ.

ಶಿಕ್ಷಕರು ತಮ್ಮ ತರಗತಿಯನ್ನೇ ಅಧ್ಯಯನ ಮಾಡಿ ಹಂಚಿಕೊಳ್ಳುವುದು ಕರ್ನಾಟಕಕ್ಕೆ ಹೊಸದಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯ ಶಿಕ್ಷಕರು ಆಂಧ್ರಪ್ರದೇಶದ ರಿಷಿ ವ್ಯಾಲಿಯ ಶಾಲೆಗಳನ್ನು ನೋಡಿಬಂದು ತಾವೇ ಕುಳಿತು ರೂಪಿಸಿದ್ದು ನಲಿ-ಕಲಿ ಎಂಬ ಕಲಿಕಾ ಪದ್ಧತಿ. 2011ರಿಂದ ರಾಜ್ಯದ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯಾದ ಡಿಎಸ್‌ಇಆರ್‌ಟಿ ಮತ್ತು ಐಟಿ ಫಾರ್ ಚೇಂಜ್ ಸಂಸ್ಥೆ ಪ್ರೌಢಶಾಲೆಗಳಿಗಾಗಿ ವಿಷಯ ಶಿಕ್ಷಕರ ವೇದಿಕೆ ಕಟ್ಟಿದವು. ಗಣಿತದವರು ಜಿಯೊಜೀಬ್ರಾದಂಥ ಉಚಿತ ತಂತ್ರಾಂಶ ಕಲಿತು, ಒಬ್ಬರ ಪಾಠವನ್ನು ಇನ್ನೊಬ್ಬರು ತಿದ್ದುವಂತಾಯಿತು. 2013ರಲ್ಲಿ ಬಂದ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ಯೋಜನೆಯಲ್ಲಿ ಅಂಥ ಪಾಠಗಳನ್ನು ಕನ್ನಡದಲ್ಲೇ, ಯಾರು ಬೇಕಾದರೂ ಬಳಸುವಂತೆ ಇಡಲಾಯಿತು.

ಆಮೇಲೆ ಗಾಳಿ ಬೇರೆ ಕಡೆ ಬೀಸಿತು. 2017ರಲ್ಲಿ ದೀಕ್ಷಾ ಎಂಬ ಆನ್‌ಲೈನ್ ಕಲಿಕಾ ವೇದಿಕೆ ಬಂತು, ನಂತರ ಅದರ ಮೂಲಕ ಶಿಕ್ಷಕರಿಗೆ ನಿಷ್ಠಾ ತರಬೇತಿ. ವಿಡಿಯೊ ನೋಡಬೇಕು, ಪ್ರಶ್ನೆಗಳಿಗೆ ಉತ್ತರಿಸಬೇಕು, ಪ್ರಮಾಣಪತ್ರ ಇಳಿಸಿಕೊಳ್ಳಬೇಕು. ದೀಕ್ಷಾ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಕಲಿಸುವವರು ಅದರಲ್ಲಿ ನೋಡುಗರಾಗಿ ಉಳಿದರು ಎಂಬುದಷ್ಟೇ ನನ್ನ ಆಕ್ಷೇಪ.

ನಮ್ಮ ಬೀದರ್ ಜಿಲ್ಲೆಗೆ ಇದು ಹೆಚ್ಚು ತಟ್ಟುತ್ತದೆ. ಔರಾದ್, ಭಾಲ್ಕಿ ಕಡೆಯ ಕನ್ನಡ ಶಾಲೆಗಳಲ್ಲಿ ಮನೆಯಲ್ಲಿ ಮರಾಠಿ ಆಡುವ ಮಕ್ಕಳಿದ್ದಾರೆ, ತಾಂಡಾದಿಂದ ಬರುವ ಲಂಬಾಣಿ ಮಕ್ಕಳಿದ್ದಾರೆ. ಬೀದರ್ ಊರಲ್ಲಂತೂ ಉರ್ದು ಓಣಿಓಣಿಯಲ್ಲಿದೆ. ಎಲ್ಲರಿಗೂ ಒಂದೇ ಎಂದು ತಯಾರಾದ ವಿಡಿಯೊ ಈ ಮಗುವಿಗೆ ಎಲ್ಲಿ ಅರ್ಥವಾಗಲಿಲ್ಲ ಎಂಬುದು ಎದುರಿಗೆ ನಿಂತ ಶಿಕ್ಷಕಿಗಲ್ಲದೆ ಇನ್ನಾರಿಗೆ ಗೊತ್ತು? ಕಥೆಯನ್ನು ಮಕ್ಕಳು ತಮ್ಮ ಮಾತಲ್ಲಿ ಹೇಳಿದ್ದನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡು, ತಿಂಗಳ ಬಳಿಕ ಮತ್ತೆ ಹೇಳಿಸಿ ಎರಡನ್ನೂ ಹೋಲಿಸಿದರೆ ಅದೇ ಒಂದು ಸಂಶೋಧನೆ. ಅದಕ್ಕೆ ಪಿಎಚ್‌.ಡಿ. ಬೇಕಾಗಿಲ್ಲ. ಬಿ.ಇಡಿ.ಯಲ್ಲಿ ಇದನ್ನೇ ಕ್ರಿಯಾ ಸಂಶೋಧನೆ ಎಂದು ಹೇಳಿಕೊಡುತ್ತಾರೆ. ನೌಕರಿ ಸಿಕ್ಕ ಮೇಲೆ ಅದನ್ನು ಕೇಳುವವರಿಲ್ಲ.

ಸಮಯವಿಲ್ಲ ಎಂಬ ಮಾತು ಸುಳ್ಳಲ್ಲ. ಬಿಸಿಯೂಟದ ಲೆಕ್ಕ, ಸ್ಯಾಟ್ಸ್ ತಂತ್ರಾಂಶದಲ್ಲಿ ವಿದ್ಯಾರ್ಥಿಗಳ ಮಾಹಿತಿ ನಮೂದು, ಚುನಾವಣೆ ಕೆಲಸ ಎಲ್ಲ ಅವರ ತಲೆಯ ಮೇಲೇ ಇವೆ. ಹಾಗಾಗಿ ಇನ್ನೊಂದು ಸಭೆ ಬೇಡ. ಈಗಿರುವ ಕ್ಲಸ್ಟರ್ ಸಮಾಲೋಚನಾ ಸಭೆಯಲ್ಲೇ ಸುತ್ತೋಲೆ ಓದುವುದನ್ನು ಕಡಿಮೆ ಮಾಡಿ, ಒಬ್ಬರು ತಮ್ಮ ಪ್ರಯೋಗವನ್ನು, ಅದು ಕೈಕೊಟ್ಟಿದ್ದರೂ ಸರಿ, ತೆರೆದಿಡಲಿ. ಬೀದರಿನ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ (ಡಯಟ್) ಇಂಥ ಪ್ರಯೋಗಗಳನ್ನು ಕನ್ನಡ, ಉರ್ದು, ಮರಾಠಿಯಲ್ಲಿ ಬರೆಸಿ, ಬರೆದವರ ಹೆಸರು ಹಾಕಿ ಎಲ್ಲ ಶಾಲೆಗೂ ಮುಟ್ಟಿಸಲಿ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಸಲಕರಣೆಗೆ ಕೊಡುವ ಹಣದಲ್ಲಿ ಸಣ್ಣ ಪಾಲನ್ನು ಇದಕ್ಕೆ ತೆಗೆದಿಡಬೇಕೆಂದು ಜಿಲ್ಲೆಯ ಶಾಸಕರು ಒತ್ತಾಯಿಸಬೇಕು.

— ನಿವೃತ್ತ ಶಿಕ್ಷಕ, ಕೊಳಾರ, ಬೀದರ್