ಹೆಸರು ಬರೆಯೋಕೋ, ದೂರು ಬರೆಯೋಕೋ?



ಪೊಲೀಸರು ಸಾಲ್ತಿಲ್ಲ ಅಂತಾರೆ. ಸುಳ್ಳಲ್ಲ. ಆದರೆ ಮೈಸೂರಿನಲ್ಲಿ ಜಂಬೂ ಸವಾರಿ ಹೊರಟರೆ ಹೊರಜಿಲ್ಲೆಗಳಿಂದಲೂ ಪೊಲೀಸರು ಬಂದಿಳಿಯುತ್ತಾರೆ. ನಮ್ಮ ಕೇರಿಯ ತಾಯಿ ದೂರು ಹಿಡಿದು ಠಾಣೆಗೆ ಹೋದರೆ ಮಾತ್ರ 'ಸ್ಟಾಫಿಲ್ಲ, ನಾಳೆ ಬಾರಮ್ಮ'!

2025ರಲ್ಲಿ ಸರ್ಕಾರ 'ಮನೆ ಮನೆಗೆ ಪೊಲೀಸ್' ಎಂದಿತು. ಬರಲಿ. ಅಶೋಕಪುರಕ್ಕೆ, ಹಾಸ್ಟೆಲಿಗೆ ಬರುವ ಬೀಟ್ ಪೊಲೀಸಪ್ಪ ನಮ್ಮ ಹುಡುಗರ ಹೆಸರು ಬರೆಯೋಕೆ ಬರ್ತಾನೋ, ನಮ್ಮ ದೂರು ಬರೆಯೋಕೆ ಬರ್ತಾನೋ? ನಾವು ಕೇಳುವುದು ಇಷ್ಟೇ.

1989ರ ದೌರ್ಜನ್ಯ ತಡೆ ಕಾಯ್ದೆಯನ್ನು ಓದಿಕೊಳ್ಳಿ. ಬಾಯಲ್ಲಿ ಹೇಳಿದ ದೂರನ್ನು ಬರೆದು, ಓದಿ ಹೇಳಿ, ಆಮೇಲೆ ಸಹಿ ಹಾಕಿಸಬೇಕು. ನಕಲು ಕೊಡಬೇಕು. ಡಿವೈಎಸ್ಪಿಗಿಂತ ಕೆಳಗಿನವರು ತನಿಖೆ ಮಾಡುವಂತಿಲ್ಲ. 60 ದಿನದೊಳಗೆ ಆರೋಪಪಟ್ಟಿ ಸಲ್ಲಿಸಬೇಕು. ಪರಿಶಿಷ್ಟ ಜಾತಿ-ಪಂಗಡದವನಲ್ಲದ ಅಧಿಕಾರಿ ಬೇಕೆಂದೇ ಕರ್ತವ್ಯ ಮರೆತರೆ 6 ತಿಂಗಳಿಂದ 1 ವರ್ಷ ಜೈಲು. 'ಸ್ಟಾಫಿಲ್ಲ' ಅನ್ನೋ ವಿನಾಯಿತಿ ಅದರಲ್ಲೆಲ್ಲೂ ಇಲ್ಲ.

ನೂರು ಪೇದೆಗಳನ್ನು ತುಂಬಿಸಿದರೂ ತನಿಖೆ ಮಾಡುವ ಆ ಒಬ್ಬ ಅಧಿಕಾರಿಗೆ ಪುರಸೊತ್ತಿಲ್ಲದಿದ್ದರೆ ನಮ್ಮ ಫೈಲು ನಿದ್ದೆ ಹೊಡೆಯುತ್ತದೆ. ಮೊದಲು ಆ ಕುರ್ಚಿ ತುಂಬಿ.

ಬೀಟ್ ಸಭೆ ಬಡಾವಣೆ ಯಜಮಾನರ ಕಾಫಿಕೂಟ ಆಗಬಾರದು. ಹಾಸ್ಟೆಲಿಗೆ ಇಬ್ಬರಂತೆ ನಾವೂ ಹೋಗಿ ಕೂರೋಣ. ನಿಂತು ಕೇಳೋಣ: ಎಷ್ಟು ದೂರು ಬಂದವು? ಎಷ್ಟರ ನಕಲು ಕೊಟ್ಟಿರಿ?